ಗುರು ರಜೆ ಕೊಟ್ಟ ಆ ಒಂದು ವಾರ

ಚಿ. ಪುಟ್ಟನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನಿನ್ನ ಅಮ್ಮ ಫೋನ್ ಮಾಡಿದ್ದಳು. ಹಾರಿ ಒದೆಯಲು ಹೋಗಿ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡಿದ್ದೀಯಂತೆ, ಮೂರು ತಿಂಗಳು ಕ್ಲಾಸಿನ ಕಡೆ ತಲೆ ಹಾಕಬೇಡ ಅಂದಿದ್ದಾರಂತೆ. ಫಿಸಿಯೋ ಹೇಳಿಕೊಟ್ಟ ವ್ಯಾಯಾಮಕ್ಕೆ ‘ಇದು ಅಜ್ಜಿಯರಿಗೆ’ ಅಂದೆಯಂತೆ. ಗೋಡೆ ಮೇಲಿದ್ದ ಬ್ರೂಸ್ ಲೀ ಪೋಸ್ಟರನ್ನೂ ಕಿತ್ತು ಮಂಚದ ಕೆಳಗೆ ತಳ್ಳಿದ್ದೀಯಂತೆ. ಯಾರ ಫೋನೂ ಎತ್ತುತ್ತಿಲ್ಲ ಅಂದಳು, ಅದಕ್ಕೇ ಪತ್ರ. ಪತ್ರವನ್ನು ಮಧ್ಯದಲ್ಲಿ ಕಟ್ ಮಾಡಲು ಬರುವುದಿಲ್ಲ ನೋಡು.

ನನ್ನ ಎಡಹುಬ್ಬಿನ ಮೇಲಿನ ಗಾಯದ ಗುರುತು ಹೇಗಾಯಿತೆಂದು ನೀನು ಚಿಕ್ಕವನಿದ್ದಾಗ ಕೇಳಿದ್ದೆ. ಮೆಟ್ಟಿಲಿಂದ ಬಿದ್ದೆ ಅಂತ ನಾನಂದಿದ್ದೆ. ಸುಳ್ಳು. ಹದಿನಾರನೇ ವಯಸ್ಸಿನಲ್ಲಿ ಪೊರಕೆಯ ಹಿಡಿಕೆಯನ್ನು ಎರಡು ತುಂಡು ಮಾಡಿ, ನಡುವೆ ನಾಯಿಯ ಚೈನು ಬಿಗಿದು ನಂಚಾಕು ಮಾಡಿಕೊಂಡಿದ್ದೆ. ಮೂರನೇ ಬೀಸಿಗೆ ಅದು ತಿರುಗಿ ಬಂದು ನನ್ನನ್ನೇ ಬಾರಿಸಿತು. ಬಟ್ಟೆ ಒತ್ತಿ ಹಿಡಿದು ರಕ್ತ ನಿಲ್ಲಿಸಿದವಳು ನಿನ್ನ ಅಮ್ಮ. ಇವತ್ತಿಗೂ ಯಾರಿಗೂ ಬಾಯಿಬಿಟ್ಟಿಲ್ಲ. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಿತು ಅಂತಾರಲ್ಲ, ಆ ಬರೆ ನನ್ನ ಹಣೆಯಲ್ಲೇ ಇದೆ. ಹಾಗಾಗಿ ನಿನ್ನ ಮೊಣಕಾಲಿನ ಬಗ್ಗೆ ಬುದ್ಧಿ ಹೇಳುವ ಯೋಗ್ಯತೆ ನನಗಿದೆ.

ನಿನ್ನ ಟೀ ಶರ್ಟಿನ ಮೇಲೆ ‘ನೀರಾಗು’ ಅಂತ ಬರೆದಿದೆ. ಬ್ರೂಸ್ ಲೀಯ ಆ ಮಾತು ಎಲ್ಲಿ ಹುಟ್ಟಿತು ಗೊತ್ತೇನೋ? ಹಾಂಗ್‌ಕಾಂಗ್‌ನಲ್ಲಿ ಹುಡುಗ ಲೀ ಇಪ್ ಮ್ಯಾನ್ ಎಂಬ ಗುರುವಿನ ಹತ್ತಿರ ವಿಂಗ್ ಚುನ್ ಎಂಬ ಕುಂಗ್ ಫೂ ಕಲಿಯುತ್ತಿದ್ದ. ನಾಲ್ಕು ವರ್ಷ ಬೆವರು ಸುರಿಸಿದರೂ ಎದುರಾಳಿ ಮುಂದೆ ನಿಂತರೆ ಮೈಯೆಲ್ಲ ಬಿಗಿ. ಸಡಿಲವಾಗು ಅಂದರೆ, ಸಡಿಲವಾಗಬೇಕೆಂಬ ಹಟಕ್ಕೇ ಇನ್ನಷ್ಟು ಬಿಗಿ. ಕೊನೆಗೆ ಗುರು ಅಂದರು: ಈ ವಾರ ಅಭ್ಯಾಸ ಬೇಡ, ಮನೆಗೆ ಹೋಗಿ ಯೋಚನೆ ಮಾಡು. ಮನೆಯಲ್ಲಿ ಕೂತು ಕೂತು ಬೇಸತ್ತ ಹುಡುಗ ಒಬ್ಬನೇ ದೋಣಿಯಲ್ಲಿ ಸಮುದ್ರಕ್ಕೆ ಹೋದ. ತನ್ನ ಮೇಲೆ ತನಗೇ ಸಿಟ್ಟು ಬಂದು ನೀರಿಗೆ ಗುದ್ದಿದ. ನೀರಿಗೆ ನೋವಾಗಲಿಲ್ಲ. ಮತ್ತೆ ಗುದ್ದಿದ. ಹಿಡಿಯೋಣವೆಂದು ಮುಷ್ಟಿ ಕಟ್ಟಿದರೆ ಬೆರಳ ಸಂದಿಯಿಂದ ಜಾರಿಹೋಯಿತು. ಆಮೇಲೆ ಅಮೆರಿಕದಲ್ಲಿ ಓದುವಾಗ ಇದನ್ನು ಅವನೇ ಪ್ರಬಂಧದಲ್ಲಿ ಬರೆದ. ನಾನು ನಿನಗೆ ತೋರಿಸಬೇಕೆಂದಿರುವುದು ನೀರನ್ನಲ್ಲ ಮಾರಾಯ, ಆ ವಾರವನ್ನು. ಅಭ್ಯಾಸ ಬೇಡ ಅಂದ ವಾರವನ್ನು.

ಇನ್ನೊಂದು ಸಲ ಅವನನ್ನು ಕೂರಿಸಿದ್ದು ಗುರುವಲ್ಲ, ಅವನದೇ ದುಡುಕು. 1970ರಲ್ಲಿ ಒಂದು ದಿನ ವಾರ್ಮ್ ಅಪ್ ಮಾಡದೆ ಭಾರದ ಸರಳನ್ನು ಹೆಗಲಿಗೇರಿಸಿ ಬಗ್ಗಿದ. ಬೆನ್ನುಹುರಿಯ ಬುಡದ ನರಕ್ಕೆ ಪೆಟ್ಟಾಯಿತು. ಇನ್ನು ಮುಂದೆ ಹಿಂದಿನ ಹಾಗೆ ಒದೆಯಲು ಆಗುವುದಿಲ್ಲ ಎಂದರು ಡಾಕ್ಟರು. ಇದು ಅವನದೇ ತಪ್ಪು, ಮುಚ್ಚಿಡುವ ಅಗತ್ಯವಿಲ್ಲ. ನೀನೂ ಅವತ್ತು ವಾರ್ಮ್ ಅಪ್ ಮಾಡಿರಲಿಲ್ಲ ಅಂತ ಅಮ್ಮ ಹೇಳಿದಳು. ನಿನ್ನ ಹೀರೋನನ್ನು ಇಷ್ಟು ನಿಷ್ಠೆಯಿಂದ ಅನುಸರಿಸಬೇಕಾಗಿರಲಿಲ್ಲ.

ತಿಂಗಳುಗಟ್ಟಲೆ ಹಾಸಿಗೆ ಹಿಡಿದ. ಓದಿದ, ಬರೆದ. ಹೀಗೆ ತುಂಬಿದ ನೋಟ್‌ಬುಕ್ಕುಗಳೇ ಅವನು ಸತ್ತ ಮೇಲೆ, 1975ರಲ್ಲಿ, ಪುಸ್ತಕವಾದವು. ವಿಸಿಟಿಂಗ್ ಕಾರ್ಡೊಂದರ ಹಿಂದೆ ‘ನಡೆ ಮುಂದೆ’ ಎಂದು ಬರೆದು ಕಣ್ಣೆದುರಿಗೆ ಇಟ್ಟುಕೊಂಡಿದ್ದ. ಈಗ ಇಸವಿ ನೋಡು. ನೀನು ಹತ್ತು ಹತ್ತು ಸಲ ನೋಡುವ ಆ ಹಾಂಗ್‌ಕಾಂಗ್ ಚಿತ್ರಗಳು ಶುರುವಾದದ್ದು 1971ರಲ್ಲಿ. ಆ ಒದೆತಗಳೆಲ್ಲ ಬೆನ್ನು ಕೆಟ್ಟ ಮೇಲಿನವು. ನೋವೇನೂ ಮಾಯವಾಗಿರಲಿಲ್ಲ, ಕೊನೆವರೆಗೂ ಕಾಡಿತು. ಕೊನೆ ಅಂದರೂ ಎಷ್ಟು ದೂರ? 1973ರ ಜುಲೈಯಲ್ಲಿ, ಮೂವತ್ತೆರಡಕ್ಕೇ ಹೋಗಿಬಿಟ್ಟ.

ಈ ಹಾಸಿಗೆಯ ಕಥೆ ನನಗೆ ತಿಳಿದದ್ದು ತಡವಾಗಿ. ನನಗೆ ಮೂವತ್ತನಾಲ್ಕಾಗಿದ್ದಾಗ ಕೆಲಸ ಹೋಯಿತು. ಏಳು ತಿಂಗಳು ಮನೆಯಲ್ಲಿದ್ದೆ. ನಿನ್ನ ಅತ್ತೆ ಕೆಲಸಕ್ಕೆ ಹೋಗುತ್ತಿದ್ದಳು, ನಾನು ಬಾಗಿಲು ಹಾಕಿಕೊಂಡು ಸಿಡುಕುತ್ತಿದ್ದೆ. ಆಗ ಓದಿದ್ದು: ಲೀ ಮಲಗಿದ್ದಾಗ ದುಡ್ಡಿಗೆ ತತ್ವಾರವಾಗಿ ಅವನ ಹೆಂಡತಿ ಲಿಂಡಾ ಕೆಲಸಕ್ಕೆ ಸೇರಿದಳು, ಎರಡು ಮಕ್ಕಳ ಜೊತೆ ಇವನು ಮನೆಯಲ್ಲಿದ್ದ. ಅವನಿಗೂ ನಾಚಿಕೆಯಾಗಿತ್ತಂತೆ! ಮಾರನೇ ಬೆಳಿಗ್ಗೆ ನನ್ನ ಮಗಳ ಜಡೆ ಹಾಕಲು ಕೂತೆ. ಆಗ ಅವಳಿಗೆ ಆರು ವರ್ಷ. ಮೂರು ಕಾಲಿನಲ್ಲಿ ಒಂದು ಸದಾ ಕೈಬಿಟ್ಟುಹೋಗುತ್ತಿತ್ತು. ಬಿಗಿಯಾಗಿ ಎಳೆದರೆ ಅವಳು ಚೀರುತ್ತಿದ್ದಳು, ಸಡಿಲ ಬಿಟ್ಟರೆ ಸ್ಕೂಲು ಮುಟ್ಟುವುದರೊಳಗೆ ಬಿಚ್ಚಿಹೋಗುತ್ತಿತ್ತು. ಎರಡು ವಾರದಲ್ಲಿ ಕೈಗೆ ಹದ ಸಿಕ್ಕಿತು. ಪೊರಕೆ ಹಿಡಿಕೆ ಬೀಸಿ ಕಲಿಯದ್ದನ್ನು ಆ ಜಡೆಯಲ್ಲಿ ಕಲಿತೆ ಅಂದರೆ ನೀನು ನಗಬಹುದು, ನಗು. ಕೆಲಸ ಆಮೇಲೆ ಸಿಕ್ಕಿತು, ಹಳೆಯದಕ್ಕಿಂತ ಚಿಕ್ಕದು.

ಹಾಸಿಗೆಯಲ್ಲಿ ಅವನು ಓದಿದವರಲ್ಲಿ ತತ್ವಚಿಂತಕ ಜಿಡ್ಡು ಕೃಷ್ಣಮೂರ್ತಿ ಒಬ್ಬರು. ತಮ್ಮನ್ನು ಜಗದ್ಗುರು ಮಾಡಹೊರಟ ಸಂಘವನ್ನು 1929ರಲ್ಲಿ ತಾವೇ ವಿಸರ್ಜಿಸಿದವರು ಅವರು. ಲೀ ಕೂಡ ಆ ಜಾತಿಯವನೇ. ತನ್ನ ಕಾದಾಟದ ಪದ್ಧತಿಗೆ 1967ರಲ್ಲಿ ಜೀತ್ ಕೂನ್ ಡೋ ಎಂದು ಹೆಸರಿಟ್ಟ, 1970ರಲ್ಲಿ ತನ್ನ ಶಾಲೆಗಳನ್ನು ತಾನೇ ಮುಚ್ಚಿಸಿದ. ಕಲಿಸಿದ್ದನ್ನೇ ಹುಡುಗರು ವೇದವಾಕ್ಯ ಮಾಡಿಕೊಂಡಾರೆಂಬ ಭಯ ಅವನಿಗೆ. ಅಂಥವನ ಕೂಗನ್ನೂ ಮೂಗು ಒರೆಸುವುದನ್ನೂ ನಾವು ಕನ್ನಡಿ ಮುಂದೆ ನಕಲು ಮಾಡುತ್ತೇವೆ. ಪೋಸ್ಟರ್ ಕಿತ್ತದ್ದಕ್ಕೆ ನನಗೆ ಬೇಸರವಿಲ್ಲ.

ಇನ್ನು ಅಜ್ಜಿಯರ ವ್ಯಾಯಾಮ. ಟವೆಲ್ ಸುರುಳಿ ಸುತ್ತಿ ಮೊಣಕಾಲಿನ ಕೆಳಗಿಟ್ಟು, ತೊಡೆ ಬಿಗಿದು ಒತ್ತಿ ಹಿಡಿಯುವುದು, ಬಿಡುವುದು, ಅಷ್ಟೇ ಅಲ್ಲವೇ ಅದು? ಅದರಲ್ಲಿ ಮೊಣಕಾಲು ಕದಲುವುದು ಒಂದು ಇಂಚೂ ಇಲ್ಲ. 1964ರಲ್ಲಿ ಅಮೆರಿಕದ ಲಾಂಗ್ ಬೀಚ್‌ನಲ್ಲಿ ಪ್ರದರ್ಶನ ಕೊಡುವಾಗ ಲೀ ಗುದ್ದಿ ಎದುರಿನವನನ್ನು ಹಿಂದಿದ್ದ ಕುರ್ಚಿಗೆ ತಳ್ಳಿದ್ದೂ ಇಂಚಿನ ದೂರದಿಂದಲೇ. ಆ ಶಕ್ತಿ ಮುಷ್ಟಿಯದಲ್ಲ, ಅಂಗಾಲಿನಿಂದ ಹೊರಟು ಮೊಣಕಾಲು, ಸೊಂಟ ದಾಟಿ ಬಂದದ್ದು. ಒತ್ತುವಾಗ ತೊಡೆಯ ಮೇಲೆ ಅಂಗೈ ಇಟ್ಟು ನೋಡು, ಮಂಡಿಚಿಪ್ಪಿನ ಒಳಬದಿಯ ಮೇಲ್ಗಡೆ ಸ್ನಾಯು ಎದ್ದು ನಿಲ್ಲುತ್ತದೆ. ಮಂಡಿಗೆ ಪೆಟ್ಟಾದಾಗ ಬೇಗ ಸೊರಗುವುದು ಅದೇ. ಎಷ್ಟು ಸಲ, ಎಷ್ಟು ಹೊತ್ತು ಎಂಬುದು ಫಿಸಿಯೋ ಹೇಳಿದ ಹಾಗೆ, ನಿನ್ನ ಲೆಕ್ಕದ ಹಾಗಲ್ಲ. ದಿನವೂ ಬರೆದಿಡು. ಲೀ ಕೂಡ ತನ್ನ ತಾಲೀಮನ್ನೆಲ್ಲ ಡೈರಿಯಲ್ಲಿ ಬರೆದಿಡುತ್ತಿದ್ದ.

ಮುಂದಿನ ತಿಂಗಳು ಬರುತ್ತೇನೆ, ಡೈರಿ ತೋರಿಸು. ನನ್ನ ನಂಚಾಕು ಇನ್ನೂ ಅಟ್ಟದ ಮೇಲಿದೆ. ಕೇಳಬೇಡ, ಕೊಡುವುದಿಲ್ಲ. ಹುಬ್ಬಿನ ಕಥೆ ನಿನ್ನ ಅಜ್ಜಿಗೆ ತಿಳಿಯದಿರಲಿ.

ಇಂತು ನಿನ್ನ
ಮಾವ