ಹಾನ್ಲೆಯಲ್ಲಿ ಹೆಡ್‌ಲೈಟ್ ಬೇಡ

ಮಾನ್ಯರೇ,

ಲಡಾಖ್‌ಗೆ ಹೋದವರು ಪ್ಯಾಂಗಾಂಗ್ ದಡದಲ್ಲಿ ಫೋಟೊ ತೆಗೆಸಿಕೊಂಡು ಮರಳುವುದು ವಾಡಿಕೆ. ಈಗ ಅಲ್ಲಿನ ಹಾನ್ಲೆ ಎಂಬ ಹಳ್ಳಿಗೂ ಹೋಗುತ್ತಿದ್ದಾರೆ, ಸಂತೋಷ. ಸುಮಾರು 4,500 ಮೀಟರ್ ಎತ್ತರದ ಆ ಶೀತ ಮರುಭೂಮಿಯಲ್ಲಿ ನೋಡಬೇಕಾದುದೇ ಕತ್ತಲೆ. ಅಲ್ಲಿನ ಎರಡು ಮೀಟರ್ ವ್ಯಾಸದ ಕನ್ನಡಿಯ ದೂರದರ್ಶಕವನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ!

ಕಳೆದ ಸೆಪ್ಟೆಂಬರ್‌ನಲ್ಲಿ ಊರಿನ ಹೆಣ್ಣುಮಗಳೊಬ್ಬಳು ಪುಟ್ಟ ದೂರದರ್ಶಕದಲ್ಲಿ ದೇವಯಾನಿ ಗೆಲಾಕ್ಸಿ ತೋರಿಸುತ್ತಿದ್ದಳು. ನನ್ನ ಸರದಿ ಬರುವಷ್ಟರಲ್ಲಿ ಕರ್ನಾಟಕದ್ದೇ ನೋಂದಣಿಯ ಕಾರೊಂದು ಹೈಬೀಮ್ ಉರಿಸುತ್ತಲೇ ಬಂದು ನಿಂತಿತು. ಕಣ್ಣು ಮತ್ತೆ ಕತ್ತಲೆಗೆ ಹೊಂದಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಅವರಿಗೆ ಹೇಳಿದವರಾದರೂ ಯಾರು? ಆಮ್ಲಜನಕದ ಸಿಲಿಂಡರ್‌ವರೆಗೆ ಎಲ್ಲವನ್ನೂ ಪಟ್ಟಿ ಮಾಡುವ ಪ್ರವಾಸ ಸಂಸ್ಥೆಗಳು, 2022ರಿಂದ ಅದು ಕೃತಕ ಬೆಳಕಿಗೆ ಕಡಿವಾಣವಿರುವ ‘ಕತ್ತಲೆಯ ಆಕಾಶದ ಮೀಸಲು ಪ್ರದೇಶ’ ಎಂಬುದನ್ನೂ ಹಣ ಕಟ್ಟಿಸಿಕೊಳ್ಳುವಾಗಲೇ ತಿಳಿಸಲಿ.

– ನಿವೃತ್ತ ವಿಜ್ಞಾನ ಶಿಕ್ಷಕಿ, ಹೊಸಕೋಟೆ