ಒಂದೇ ಕೇಸ್ ಪೇಪರ್ ಕೊಡಿ: ಮಹಾರಾಷ್ಟ್ರದ ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿರುವ ಕನ್ನಡದವಳು. ಹೋಟೆಲ್ ಕೆಲಸಕ್ಕೆಂದು ಊರಿಂದ ಮುಂಬೈಗೆ ಬಂದ ನನ್ನ ತಮ್ಮನಿಗೆ ಟಿಬಿ ಇದೆ, ಕುಡಿತವೂ ಇದೆ. ಇರುವುದು ಒಂದೇ ಮೈಯಲ್ಲಿ. ನಿಮ್ಮ ವ್ಯವಸ್ಥೆಗೆ ಮಾತ್ರ ಅವನು ಇಬ್ಬರು ರೋಗಿಗಳು. ಕೇಸ್ ಪೇಪರ್, ಅಂದರೆ ರೋಗಿಯ ವಿವರ ಬರೆಯುವ ಆಸ್ಪತ್ರೆ ಕಾಗದ, ಬೇರೆ ಬೇರೆ.

ಕಳೆದ ಮಳೆಗಾಲದಲ್ಲಿ ಕಫದಲ್ಲಿ ರಕ್ತ ಬಂತೆಂದು ಮುಂಬೈಯ ಒಂದು ಸರಕಾರಿ ಆಸ್ಪತ್ರೆಗೆ ಸೇರಿಸಿದೆವು. ದಿನಾ ಕುಡಿಯುತ್ತಾನೆ ಅಂತ ಮೊದಲೇ ಹೇಳಿದ್ದೆ. ಯಾರೂ ಬರೆದುಕೊಳ್ಳಲಿಲ್ಲ. ಎರಡನೇ ರಾತ್ರಿ ಕೈ ನಡುಗತೊಡಗಿತು, ಮೈಯೆಲ್ಲ ಬೆವರು. ಗೋಡೆ ಮೇಲೆ ಇರುವೆ ಸಾಲು ಹತ್ತುತ್ತಿದೆ ಅಂತ ಅಂಗೈಯಲ್ಲಿ ಒರೆಸುತ್ತಿದ್ದ. ಗಲಾಟೆ ಮಾಡುತ್ತಾನೆಂದು ಬ್ಯಾಂಡೇಜ್ ಬಟ್ಟೆಯಿಂದ ಎರಡೂ ಕೈಗಳನ್ನು ಮಂಚಕ್ಕೆ ಕಟ್ಟಿದರು. ಡಾಕ್ಟರನ್ನು ಕೇಳಿದರೆ, "ಇದು ಸೈಕಿಯಾಟ್ರಿ (ಮನೋರೋಗ) ಕೇಸು, ಬೆಳಿಗ್ಗೆ ಅವರ ಓಪಿಡಿಗೆ (ಹೊರರೋಗಿ ವಿಭಾಗಕ್ಕೆ) ಕರೆದುಕೊಂಡು ಹೋಗಿ" ಅಂದರು. ಕಟ್ಟಿಹಾಕಿದವನನ್ನು ಹೇಗೆ ಕರೆದುಕೊಂಡು ಹೋಗಲಿ, ಹೇಳಿ? ಬೆಳಗಿನ ಜಾವ ಫಿಟ್ಸ್ ಬಂತು. ಇಂಜೆಕ್ಷನ್ ಕೊಟ್ಟಿದ್ದು ಆಮೇಲೆ.

ದಿನಾ ಕುಡಿಯುವವರಿಗೆ ಒಮ್ಮೆಲೇ ಕುಡಿತ ನಿಂತರೆ ಎರಡು ಮೂರು ದಿನದೊಳಗೆ ನಡುಕ, ಭ್ರಮೆ, ಫಿಟ್ಸ್ ಬರಬಹುದು. ಸರಿಯಾಗಿ ನೋಡದಿದ್ದರೆ ಪ್ರಾಣವೇ ಹೋಗಬಹುದು. ಇದು ನಿಮ್ಮ ಡಾಕ್ಟರುಗಳಿಗೆ ಗೊತ್ತಿಲ್ಲದ್ದಲ್ಲ, ಅಲ್ವಾ?

ಡಿಸ್ಚಾರ್ಜ್ ಕಾರ್ಡಿನಲ್ಲಿ ಟಿಬಿ ಮಾತ್ರ ಇತ್ತು, ಕುಡಿತದ ಸುದ್ದಿಯೇ ಇಲ್ಲ. ವ್ಯಸನಮುಕ್ತಿ ಕೇಂದ್ರದಲ್ಲಿ ಕುಡಿತ ಬಿಡಿಸುವ ಡೈಸಲ್ಫಿರಾಮ್ ಮಾತ್ರೆ ಬರೆದುಕೊಟ್ಟರು, ಟಿಬಿ ಕಾರ್ಡು ಕೇಳಲಿಲ್ಲ. ಟಿಬಿಯ ಐಸೋನಿಯಾಜಿಡ್ ಮಾತ್ರೆ ಜೊತೆ ಅದು ಸೇರಿದರೆ ಬುದ್ಧಿ ಏರುಪೇರಾಗಬಹುದು, ನಡಿಗೆ ತೂರಾಡಬಹುದು. ಲಿವರಿಗಂತೂ ಎರಡೂ ಅಪಾಯ. ತಪ್ಪನ್ನು ಕಂಡುಹಿಡಿದವರು ನಮ್ಮ ಬೀದಿಯ ಮೆಡಿಕಲ್ ಅಂಗಡಿಯವರು. ಮತ್ತೇನು ಮಾತ್ರೆ ತಗೊಳ್ತಾನೆ ಅಂತ ಕೇಳಿದ್ದು ಅವರೊಬ್ಬರೇ.

2017ರ ಮಾನಸಿಕ ಆರೋಗ್ಯ ಕಾಯ್ದೆ ನಿಮಗೆ ಗೊತ್ತೇ ಇದೆ. ಕುಡಿತದಿಂದ ಬರುವ ಮಾನಸಿಕ ತೊಂದರೆಯೂ ಅದರಲ್ಲಿ ಸೇರಿದೆ. ಇಂಥವರಿಗೂ ಬೇರೆ ಕಾಯಿಲೆಯವರಿಗೆ ಸಮಾನವಾದ ಚಿಕಿತ್ಸೆ ಕೊಡಬೇಕು ಅನ್ನುವುದು 21ನೇ ಸೆಕ್ಷನ್. ಆಸ್ಪತ್ರೆ ನಮ್ಮ ಖಾತೆಯದು, ವ್ಯಸನಮುಕ್ತಿ ಕೇಂದ್ರ ಸಾಮಾಜಿಕ ನ್ಯಾಯ ಖಾತೆಯದು ಅಂತ ದಯವಿಟ್ಟು ಹೇಳಬೇಡಿ. ಕೇಳಿ ಕೇಳಿ ಸಾಕಾಗಿದೆ. 2019ರಲ್ಲಿ ಬಂದ ಕೇಂದ್ರ ಸರಕಾರದ ಸಮೀಕ್ಷೆಯಂತೆ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗಷ್ಟೇ ಚಿಕಿತ್ಸೆ ಸಿಗುತ್ತಿದೆ. ಆ ಒಬ್ಬರನ್ನೂ ಹೀಗೆ ಅಲೆಸುತ್ತೀರಾ?

ಒಂದೇ ಕೇಸ್ ಪೇಪರ್ ಕೊಡಿ. ವಾರ್ಡಿಗೆ ಸೇರಿಸುವಾಗಲೇ ಕುಡಿತದ ಬಗ್ಗೆ ಕೇಳಿ, ಬರೆಯಿರಿ. ಸೈಕಿಯಾಟ್ರಿ ಡಾಕ್ಟರು ರಾತ್ರಿಯಾದರೂ ವಾರ್ಡಿಗೆ ಬರಲಿ. ವ್ಯಸನಮುಕ್ತಿ ಕೇಂದ್ರದವರೂ ಅದೇ ಪೇಪರಿನಲ್ಲಿ ಬರೆಯಲಿ.

ತಮ್ಮನ ಟಿಬಿ ಮಾತ್ರೆ ಇನ್ನೂ ನಡೆಯುತ್ತಿದೆ, ಕುಡಿತ ಬಿಡಿಸುವ ಚಿಕಿತ್ಸೆ ನಿಂತೇಹೋಗಿದೆ. ಒಂದೇ ಕೇಸ್ ಪೇಪರ್ ಅನ್ನುವ ಆದೇಶ ಯಾವಾಗ ಹೊರಡಿಸುತ್ತೀರಿ? ಉತ್ತರ ಕೊಡಿ.

ಇಂತಿ,
ಡೊಂಬಿವಲಿಯ ಒಬ್ಬ ಅಕ್ಕ