ಫೈರ್‌ವಾಲ್‌ನಲ್ಲಿ ಡಿಕ್ರಿಪ್ಶನ್: ಭಾನುವಾರದ ಸಭೆಗೆ ಮುನ್ನ

ಪುಣೆಯ ನಮ್ಮ ನೆಟ್‌ವರ್ಕ್ ಬಳಗದ ಎಲ್ಲ ಸದಸ್ಯರಿಗೆ ನಮಸ್ಕಾರ.

ಬರುವ ಭಾನುವಾರ ಬೆಳಿಗ್ಗೆ 10 ಗಂಟೆಗೆ ಕೋಥರೂಡಿನಲ್ಲಿ, ಎಂದಿನ ಜಾಗದಲ್ಲೇ, ಸೇರುತ್ತೇವೆ. ಹಿಂಜವಡಿ, ಖರಾಡಿ ಕಡೆಯ ಕಚೇರಿಗಳಲ್ಲಿ ಟಿಎಲ್‌ಎಸ್ ಡಿಕ್ರಿಪ್ಶನ್ (ಅಂತರ್ಜಾಲ ಸಂಪರ್ಕಗಳ ಗೂಢಲಿಪಿಯನ್ನು ಬಿಡಿಸಿ ನೋಡುವುದು) ಚಾಲೂ ಮಾಡಲು ಹೊರಟಿರುವವರು ದಯವಿಟ್ಟು ತಪ್ಪದೆ ಬರಬೇಕು.

ಫೈರ್‌ವಾಲ್, ಅಂದರೆ ನೆಟ್‌ವರ್ಕ್‌ಗೆ ಬಂದುಹೋಗುವ ಮಾಹಿತಿಯನ್ನು ಕಾಯುವ ಸಾಧನ, ಗೂಢಲಿಪಿಯಲ್ಲಿ ಸಾಗುವ ಮಾಹಿತಿಯನ್ನು ಬಿಡಿಸಿ ನೋಡಬೇಕಾದರೆ ಬಳಕೆದಾರರೊಡನೆ ಒಂದು, ಸರ್ವರ್‌ನೊಡನೆ ಇನ್ನೊಂದು ಸಂಪರ್ಕವನ್ನು ತಾನೇ ನಡೆಸಿ, ಮಾಹಿತಿಯನ್ನು ಬಿಡಿಸಿ, ಪರೀಕ್ಷಿಸಿ, ಮತ್ತೆ ಗೂಢಲಿಪಿಗೆ ತಿರುಗಿಸಬೇಕಾಗುತ್ತದೆ. ಇದರಲ್ಲಿ ಹೊಸ ಸಂಪರ್ಕದ ಆರಂಭದ ಹ್ಯಾಂಡ್‌ಶೇಕ್ (ಎರಡೂ ಕಡೆಯವರು ಗುರುತು, ಕೀಲಿಗಳನ್ನು ಒಪ್ಪಿಕೊಳ್ಳುವ ಹಂತ) ಸಿಪಿಯುವಿಗೆ ಅತಿ ದುಬಾರಿ. ಆದ್ದರಿಂದ ಒಂದು ದೊಡ್ಡ ಡೌನ್‌ಲೋಡ್‌ಗಿಂತ ಸಾವಿರಾರು ಸಣ್ಣ ಸಂಪರ್ಕಗಳೇ ಸಿಪಿಯುವನ್ನು ಹೆಚ್ಚು ದಣಿಸುತ್ತವೆ. ಫೈರ್‌ವಾಲ್ ತಯಾರಿಸುವ ಕಂಪನಿಯ ಕೈಪಿಡಿಯಲ್ಲಿ ದೊಡ್ಡಕ್ಷರದಲ್ಲಿರುವ ಥ್ರೂಪುಟ್ (ಸೆಕೆಂಡಿಗೆ ಸಾಗಿಸಬಲ್ಲ ಮಾಹಿತಿಯ ಪ್ರಮಾಣ) ಸಾಮಾನ್ಯವಾಗಿ ಡಿಕ್ರಿಪ್ಶನ್ ಇಲ್ಲದ ಅಳತೆ ಎಂಬುದನ್ನು ಮರೆತು ಖರೀದಿಗೆ ಸಹಿ ಹಾಕಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಬರುವ ಮುನ್ನ ಕೆಲಸದ ದಟ್ಟ ವೇಳೆಯ ಸಿಪಿಯು ಬಳಕೆ, ಸೆಕೆಂಡಿಗೆ ಹೊಸ ಸಂಪರ್ಕಗಳ ಸಂಖ್ಯೆ ಹಾಗೂ ಏಕಕಾಲದ ಸಂಪರ್ಕಗಳ ಸಂಖ್ಯೆಯನ್ನು ಬರೆದುಕೊಳ್ಳಿ. ಕಚೇರಿಯ ಹೆಸರು, ಐಪಿ ವಿಳಾಸ ಬೇಡ. ಬ್ಯಾಂಕ್ ಹಾಗೂ ಆರೋಗ್ಯದ ತಾಣಗಳನ್ನು ಡಿಕ್ರಿಪ್ಶನ್‌ನಿಂದ ಹೊರಗಿಡುವುದು ನನ್ನ ಮಟ್ಟಿಗೆ ಸಾಮರ್ಥ್ಯಕ್ಕಿಂತ ಸಿಬ್ಬಂದಿಯ ಖಾಸಗಿತನದ ಪ್ರಶ್ನೆ. ಪ್ರಮಾಣಪತ್ರ ಪಿನ್ ಮಾಡಿರುವ, ಅಂದರೆ ತಮ್ಮ ಸರ್ವರ್‌ನ ನಿಗದಿತ ಪ್ರಮಾಣಪತ್ರವನ್ನು ಮಾತ್ರ ನಂಬುವ, ಆ್ಯಪ್‌ಗಳು ಡಿಕ್ರಿಪ್ಶನ್ ಮಾಡಿದರೆ ಕೆಲಸವನ್ನೇ ನಿಲ್ಲಿಸುತ್ತವೆ. ಅವುಗಳ ಪಟ್ಟಿಯೂ ಇರಲಿ. ಯುಡಿಪಿ 443ನೇ ಪೋರ್ಟ್‌ನಲ್ಲಿ ಹೋಗುವ ಕ್ವಿಕ್ (QUIC, ವೆಬ್ ಸಂಪರ್ಕಗಳಿಗೆ ಬಳಸುವ ಒಂದು ಪ್ರೋಟೋಕಾಲ್) ಅನ್ನು ನಿಮ್ಮಲ್ಲಿ ತಡೆದಿದ್ದಾರೆಯೇ ಎಂಬುದನ್ನೂ ನೋಡಿ.

ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲಿಯೇ ಉತ್ತರಿಸಬೇಕಾಗಿ ವಿನಂತಿ.